ಓದುಗರ ಪ್ರಶ್ನೆ, ನಮ್ಮ ಉತ್ತರ: ಯಾಮಾಗುಚಿ-ಗುಮಿಯ ಬಟ್ಟಲು ಯಾರ ಕೈಗೆ?

ಜಪಾನಿನ ಅತಿ ದೊಡ್ಡ ಪಾತಕಿ ಸಂಘಟನೆಯಾದ ಯಾಮಾಗುಚಿ-ಗುಮಿಯ ಮೂವರು ಹಿರಿಯರು 2025ರ ಏಪ್ರಿಲ್‌ನಲ್ಲಿ ಹ್ಯೋಗೊ ಪ್ರಾಂತ್ಯದ ಪೊಲೀಸರ ಬಳಿಗೆ ಹೋಗಿ, ಹತ್ತು ವರ್ಷಗಳಿಂದ ನಡೆದುಬಂದ ಒಳಜಗಳವನ್ನು ಇನ್ನು ನಿಲ್ಲಿಸುತ್ತೇವೆ, ಯಾವ ತೊಂದರೆಯನ್ನೂ ಉಂಟುಮಾಡುವುದಿಲ್ಲ ಎಂದು ಬರೆದುಕೊಟ್ಟು ಬಂದರು. ಸಂಘಟನೆಯ ಮುಖ್ಯಸ್ಥ ಕೆನಿಚಿ ಶಿನೋದಾನಿಗೆ ಆಗ 83 ವರ್ಷ ತುಂಬಿತ್ತು. ಈ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಪ್ರಕಟಿಸಿದ ಮೇಲೆ ನಮಗೆ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ ಇದ್ದವು: ಇಂಥ ಗುಂಪಿನ ಯಜಮಾನ ಮುದುಕನಾದರೆ, ಹಾಸಿಗೆ ಹಿಡಿದರೆ, ಸತ್ತರೆ, ಆಮೇಲೇನು? ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ತಮ್ಮ ಹೆಸರು ಹಾಕಬೇಡಿರೆಂದು ಹಲವರು ಕೇಳಿಕೊಂಡಿದ್ದರಿಂದ ಎಲ್ಲರದೂ ಊರಿನ ಹೆಸರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ (ಹಾಸನ): ನಮ್ಮ ಕಡೆ ಪಟೇಲಿಕೆಯಿಂದ ಹಿಡಿದು ಕಿರಾಣಿ ಅಂಗಡಿಯವರೆಗೆ ಎಲ್ಲವೂ ಅಪ್ಪನಿಂದ ಮಗನಿಗೆ ಬರುವುದು ವಾಡಿಕೆ. ಯಾಕುಜಾ ಎಂದು ಕರೆಯುವ ಜಪಾನಿನ ಪಾತಕಿ ಗುಂಪುಗಳಲ್ಲಿಯೂ ಯಜಮಾನಿಕೆ ಮಗನಿಗೇ ಹೋಗುತ್ತದೆಯೇ?

ಉತ್ತರ: ಯಾಮಾಗುಚಿ-ಗುಮಿಯ ಮಟ್ಟಿಗೆ ಹೇಳುವುದಾದರೆ, ಒಂದು ಸಲ ಮಾತ್ರ ಹಾಗೆ ಆಗಿದೆ. ಹರುಕಿಚಿ ಯಾಮಾಗುಚಿ ಎಂಬಾತ 1915ರಲ್ಲಿ ಕೋಬೆ ಬಂದರಿನ ಹಮಾಲರನ್ನು ಕಟ್ಟಿಕೊಂಡು ಈ ಗುಂಪನ್ನು ಆರಂಭಿಸಿದ; 1925ರಲ್ಲಿ ಅದು ಅವನ ಮಗ ನೊಬೊರುವಿಗೆ ಹೋಯಿತು. ನೊಬೊರು 1942ರಲ್ಲಿ ಸತ್ತ ಮೇಲೆ ಯಜಮಾನನ ಗಾದಿ ನಾಲ್ಕು ವರ್ಷ ಖಾಲಿಯೇ ಇತ್ತು. ಯುದ್ಧ ಮುಗಿದು ಕೋಬೆ ಬೂದಿಯಾಗಿದ್ದ 1946ರಲ್ಲಿ ಕಜುವೊ ತಾವೊಕಾ ಎಂಬ ಅನಾಥ ಹುಡುಗನಾಗಿ ಊರಿಗೆ ಬಂದಿದ್ದವನು ಮೂರನೆಯ ಯಜಮಾನನಾದ. ಅಲ್ಲಿಂದೀಚೆಗೆ ಗಾದಿಗೆ ಬಂದ ಒಬ್ಬನೂ ಹಿಂದಿನವನ ರಕ್ತಸಂಬಂಧಿಯಲ್ಲ.

ರಕ್ತದ ಬದಲಿಗೆ ಅಲ್ಲಿ ನಡೆಯುವುದು ಬಟ್ಟಲಿನ ನಂಟು. ಯಜಮಾನನನ್ನು ಒಯಾಬುನ್, ಅಂದರೆ ತಂದೆಯ ಸ್ಥಾನದವನು ಎನ್ನುತ್ತಾರೆ. ಅನುಚರನನ್ನು ಕೊಬುನ್, ಅಂದರೆ ಮಗನ ಸ್ಥಾನದವನು ಎನ್ನುತ್ತಾರೆ. ಇಬ್ಬರನ್ನೂ ಕಟ್ಟುವುದು ಸಾಕಜುಕಿ ಎಂಬ ಶಾಸ್ತ್ರ. ಗೋಡೆಗೆ ಮೂರು ದೇವತೆಗಳ ಹೆಸರಿನ ಪಟಗಳನ್ನು ಇಳಿಬಿಟ್ಟಿರುತ್ತಾರೆ, ನಡುವೆ ಸೂರ್ಯದೇವತೆ ಅಮತೆರಾಸುವಿನದು. ಮುಂದೆ ಇಡಿಯ ಮೀನು, ಉಪ್ಪಿನ ಗುಡ್ಡೆ, ಅಕ್ಕಿಯಿಂದ ತಯಾರಾದ ಸಾಕೆ ಮದ್ಯ. ಶಾಸ್ತ್ರ ನಡೆಸಿಕೊಡುವವನು ಸಾಕೆಯನ್ನು ಬಿಳಿಯ ಪುಟ್ಟ ಬಟ್ಟಲಿಗೆ ಬಗ್ಗಿಸುತ್ತಾನೆ, ಯಜಮಾನ ಒಂದಿಷ್ಟು ಕುಡಿದು ಉಳಿದದ್ದನ್ನು ಕಳುಹಿಸುತ್ತಾನೆ, ಮಗನಾಗುವವನು ಅದನ್ನು ತಳದವರೆಗೆ ಹೀರಿ, ಬಟ್ಟಲನ್ನು ಕಾಗದದಲ್ಲಿ ಸುತ್ತಿ ನಿಲುವಂಗಿಯ ಎದೆಯೊಳಗೆ ಇರಿಸಿಕೊಳ್ಳುತ್ತಾನೆ. ನಮ್ಮ ಎಂಜಲು–ಮಡಿಯ ಲೆಕ್ಕದಲ್ಲಿ ನೋಡಿದರೆ ಇದು ಸ್ವಲ್ಪ ವಿಚಿತ್ರವಾಗಿ ಕಂಡೀತು. ಆದರೆ ಗುರುವಿನ ಪ್ರಸಾದವೆಂದು ಊಹಿಸಿಕೊಂಡರೆ ಅದರ ತೂಕ ತಿಳಿಯುತ್ತದೆ.

ತಾವು ಕೇಳಿದ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಆ ಬಟ್ಟಲು ಒಬ್ಬ ಮನುಷ್ಯನಿಗೂ ಇನ್ನೊಬ್ಬ ಮನುಷ್ಯನಿಗೂ ನಡುವಿನದು. ಹೊಲ ಮನೆಯಂತೆ ಅದನ್ನು ಯಾರ ಹೆಸರಿಗೂ ಖಾತೆ ಮಾಡಿಸಿಕೊಡಲು ಬರುವುದಿಲ್ಲ. ಯಜಮಾನ ಸತ್ತ ದಿನ ಅವನೊಡನೆ ಕುಡಿದ ನೂರು ಬಟ್ಟಲುಗಳ ನಂಟೂ ಸಡಿಲಾಗುತ್ತದೆ. ಹೊಸಬ ಬಂದಾಗ ಎಲ್ಲರೂ ಮತ್ತೆ ಅವನ ಎದುರು ಕುಳಿತು ಕುಡಿಯಬೇಕು. ನಿನ್ನೆಯವರೆಗೆ ಅಣ್ಣತಮ್ಮಂದಿರಂತೆ ಒಂದೇ ಸಾಲಿನಲ್ಲಿ ಕೂರುತ್ತಿದ್ದವರಲ್ಲಿ ಒಬ್ಬ ಇಂದು ತಂದೆಯಾಗುತ್ತಾನೆ, ಅವನಿಗಿಂತ ವಯಸ್ಸಿನಲ್ಲಿ ದೊಡ್ಡವನು ಮಗನಾಗಬೇಕಾಗುತ್ತದೆ. ಒಲ್ಲೆನೆಂದವನು ಹೊರಗೆ. ಈ ಸಂಘಟನೆಯಲ್ಲಿ ನಡೆದ ದೊಡ್ಡ ಜಗಳಗಳೆಲ್ಲ ಹೆಚ್ಚುಕಡಿಮೆ ಈ ಒಂದು ನುಂಗಲಾರದ ಗುಟುಕಿನಿಂದಲೇ ಹುಟ್ಟಿದವು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ (ಬೆಳಗಾವಿ): ಮೇಲೆ ಹೇಳಿದ ತಾವೊಕಾ ಮೂವತ್ತೈದು ವರ್ಷ ಆಳಿದನೆಂದು ಎಲ್ಲೋ ಓದಿದ ನೆನಪು. ಅಷ್ಟು ಬಲಿಷ್ಠನಾದವನ ಇಳಿಗಾಲ ಹೇಗಿತ್ತು? ತನ್ನ ನಂತರ ಯಾರೆಂಬ ಏರ್ಪಾಡನ್ನು ಅವನು ಮಾಡಿರಲಿಲ್ಲವೇ?

ಉತ್ತರ: ಮಾಡಿದ್ದ. ಆದರೆ ಅವನು ಆರಿಸಿಕೊಂಡ ವಾರಸುದಾರನಿಗೆ ಆಯುಸ್ಸು ಇರಲಿಲ್ಲ.

ತಾವೊಕಾ ಗಾದಿಗೆ ಬಂದಾಗ ಗುಂಪಿನಲ್ಲಿ ಇದ್ದವರು ಮೂವತ್ತು ಚಿಲ್ಲರೆ ಜನ. ಸಾಯುವ ಹೊತ್ತಿಗೆ ಹತ್ತು ಸಾವಿರ ಮೀರಿದ್ದರು. ಬಂದರಿನಲ್ಲಿ ಹಡಗಿನಿಂದ ಸರಕು ಇಳಿಸುವ ಕೂಲಿಗಳನ್ನು ಒದಗಿಸುವ ಗುತ್ತಿಗೆ ಒಂದು ಕೈಯಲ್ಲಿ, ಗಾಯಕರ ಹಾಗೂ ಕುಸ್ತಿಪಟುಗಳ ಕಾರ್ಯಕ್ರಮ ನಡೆಸುವ ಕಂಪನಿ ಇನ್ನೊಂದು ಕೈಯಲ್ಲಿ. ಹೀಗೆ ಕಾನೂನಿನ ಕಣ್ಣಿಗೆ ವ್ಯಾಪಾರಿಯಾಗಿ ಕಾಣುತ್ತಲೇ ಆತ ಪಶ್ಚಿಮ ಜಪಾನಿನ ಗುಂಪುಗಳನ್ನು ಒಂದೊಂದಾಗಿ ಮಣಿಸಿದ. 1960ರ ದಶಕದ ನಡುಭಾಗದಲ್ಲಿ ಪೊಲೀಸರು ಗುಂಪುಗಳ ಮುಖ್ಯಸ್ಥರನ್ನೇ ಗುರಿಯಾಗಿಟ್ಟುಕೊಂಡು ದೇಶಾದ್ಯಂತ ಕಾರ್ಯಾಚರಣೆಗೆ ಇಳಿದರು. ಅದೇ ಸಮಯಕ್ಕೆ, 1965ರಲ್ಲಿ, ತಾವೊಕಾ ಹೃದಯದ ಕಾಯಿಲೆಯಿಂದ ಆಸ್ಪತ್ರೆ ಸೇರಿದ. ಅವನ ಬಲಗೈಯಾಗಿದ್ದ ಯುಕಿಯೊ ಜಿಮಿಚಿ, ಇನ್ನು ತಡೆಯಲಾಗದು, ಗುಂಪನ್ನೇ ವಿಸರ್ಜಿಸಿಬಿಡೋಣ ಎಂಬ ಯೋಚನೆಯನ್ನು ಮುಂದಿಟ್ಟಾಗ ಆಸ್ಪತ್ರೆಯಲ್ಲಿದ್ದ ಮುದುಕ ಒಪ್ಪಲಿಲ್ಲ. ವಾಸ್ತವವಾಗಿ ಆಗ ಅವನಿಗೆ ಐವತ್ತು ದಾಟಿ ಎರಡೇ ವರ್ಷ. ಮುದುಕನೆಂದು ಬರೆದುಬಿಟ್ಟದ್ದು ನಮ್ಮ ಅವಸರ. ಆದರೆ ಅಂದಿನಿಂದ ಅವನ ಆರೋಗ್ಯ ಗುಂಪಿನ ಎಲ್ಲರ ಲೆಕ್ಕಾಚಾರದ ಒಳಗೆ ಬಂತು. ಯಜಮಾನ ಮಲಗಿದ್ದರೂ ಎಲ್ಲ ದಾರವನ್ನೂ ತನ್ನ ಬೆರಳಿಗೇ ಸುತ್ತಿಕೊಂಡಿದ್ದ. ಕೆಳಗಿನವರು ದಿನದ ಕೆಲಸ ನೋಡಿಕೊಳ್ಳುತ್ತಿದ್ದರೇ ಹೊರತು ಅಂತಿಮ ಮಾತು ಆಡುವ ಅಭ್ಯಾಸವನ್ನು ಯಾರೂ ಮಾಡಿಕೊಳ್ಳಲಿಲ್ಲ. ನಮ್ಮ ಲೆಕ್ಕದಲ್ಲಿ ಅವನ ದೊಡ್ಡ ತಪ್ಪು ಇದು.

ಇಳಿಗಾಲದ ಇನ್ನೊಂದು ದೃಶ್ಯ 1978ರ ಜುಲೈ 11ರದು. ಕ್ಯೋಟೊ ನಗರದ ಬೆಲ್ ಅಮಿ ಎಂಬ ನೈಟ್‌ಕ್ಲಬ್ಬಿನಲ್ಲಿ ತಾವೊಕಾ ತನ್ನವರ ನಡುವೆ ಕುಳಿತು, ಅಡ್ಡ ಕೋಲಿನ ಕೆಳಗೆ ನರ್ತಕರು ಹಿಂದಕ್ಕೆ ಬಾಗಿ ನುಸುಳುವ ಲಿಂಬೊ ಕುಣಿತವನ್ನು ನೋಡುತ್ತಿದ್ದ. ಕಿಯೋಶಿ ನರುಮಿ ಎಂಬ ಇಪ್ಪತ್ತು ದಾಟಿದ ಯುವಕ ಎದ್ದು ಅವನತ್ತ ಗುಂಡು ಹಾರಿಸಿದ. ಎರಡು ವರ್ಷದ ಹಿಂದೆ ಯಾಮಾಗುಚಿ-ಗುಮಿಯ ಕಡೆಯವರು ನರುಮಿಯ ಯಜಮಾನನನ್ನು ಕೊಂದಿದ್ದರು; ಅದರ ಸೇಡು ಇದು. ಗುಂಡು ಕತ್ತಿಗೆ ಬಿತ್ತು, ತಾವೊಕಾ ಬದುಕಿಕೊಂಡ. ಎರಡು ತಿಂಗಳ ಮೇಲೆ ನರುಮಿಯ ಕೊಳೆತ ಶವ ಕೋಬೆಯ ಹಿಂದಿನ ರೊಕ್ಕೊ ಬೆಟ್ಟದ ಕಾಡಿನಲ್ಲಿ ಸಿಕ್ಕಿತು. ಶತ್ರುಗಳ ಕಡೆಯವರ ಮೇಲೆ ದಾಳಿಗಳಾದವು, ಹಲವರು ಸತ್ತರು. ನವೆಂಬರ್ ಮೊದಲ ದಿನ ಯಾಮಾಗುಚಿ-ಗುಮಿಯವರು ಪತ್ರಕರ್ತರನ್ನು ಕರೆದು, ಜಗಳ ಮುಗಿಯಿತೆಂದು ತಾವೇ ಏಕಪಕ್ಷೀಯವಾಗಿ ಘೋಷಿಸಿಬಿಟ್ಟರು. ಹೊರನೋಟಕ್ಕೆ ಇದು ಗೆಲುವು. ಆದರೆ ಯಾರೂ ಮುಟ್ಟಲಾರರು ಎಂದುಕೊಂಡಿದ್ದ ಮನುಷ್ಯನ ಕತ್ತಿನಲ್ಲಿ ಒಬ್ಬ ಹುಡುಗನ ಗುಂಡಿನ ಗಾಯವಿತ್ತು, ಅದನ್ನು ಇಡೀ ದೇಶ ಪತ್ರಿಕೆಗಳಲ್ಲಿ ಓದಿತ್ತು.

ವಾರಸುದಾರನ ವಿಷಯಕ್ಕೆ ಬರುವುದಾದರೆ, ಯಜಮಾನನ ಕೆಳಗಿನ ಎರಡನೆಯ ಸ್ಥಾನವನ್ನು ವಾಕಗಾಶಿರ ಎನ್ನುತ್ತಾರೆ; ಮನೆಯ ಹಿರಿಯ ಮಗನಿದ್ದಂತೆ. ಆ ಸ್ಥಾನದಲ್ಲಿದ್ದವನು ಕೆನಿಚಿ ಯಾಮಾಮೊಟೊ. ನಾಲ್ಕನೆಯ ಯಜಮಾನ ಇವನೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. 1981ರ ಜುಲೈ 23ರಂದು ತಾವೊಕಾ ತನ್ನ 68ನೆಯ ವಯಸ್ಸಿನಲ್ಲಿ ಹೃದಯದ ಕಾಯಿಲೆಯಿಂದಲೇ ಸತ್ತಾಗ ಈ ಯಾಮಾಮೊಟೊ ಸೆರೆಯಲ್ಲಿದ್ದ. ಅವನು ಬಿಡುಗಡೆಯಾಗಿ ಬರುವವರೆಗೆ ಕಾಯೋಣವೆಂದು ಎಲ್ಲರೂ ಕುಳಿತಿದ್ದಾಗ, 1982ರ ಫೆಬ್ರವರಿ 4ರಂದು ಯಕೃತ್ತಿನ ಕಾಯಿಲೆಯಿಂದ ಅವನೂ ತೀರಿಕೊಂಡ. ಮೊದಲ ಹೆಸರೂ ಹೋಯಿತು, ಎರಡನೆಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

ಪ್ರಶ್ನೆ (ಮಂಗಳೂರು): ತಾವೊಕಾನ ಹೆಂಡತಿಯೇ ಕೆಲಕಾಲ ಗುಂಪನ್ನು ನಡೆಸಿದಳೆಂಬುದು ನಿಜವೇ? ಹೆಣ್ಣುಮಕ್ಕಳಿಗೆ ಅಲ್ಲಿ ಅಧಿಕಾರವಿಲ್ಲವೆಂದು ಕೇಳಿದ್ದೇನೆ.

ಉತ್ತರ: ಎರಡೂ ನಿಜ. ಹೆಂಗಸರು ಬಟ್ಟಲು ಹಂಚಿಕೊಂಡು ಸದಸ್ಯರಾಗುವ ಪದ್ಧತಿ ಇಲ್ಲ. ಆದರೆ ಯಜಮಾನನ ಹೆಂಡತಿಯನ್ನು ಎಲ್ಲರೂ ಅನೆಸಾನ್, ಅಂದರೆ ಅಕ್ಕ ಎಂದು ಕರೆಯುತ್ತಾರೆ. ಕಿರಿಯರ ಊಟ ತಿಂಡಿ, ಸೆರೆಯಲ್ಲಿರುವವರ ಮನೆಯವರ ಯೋಗಕ್ಷೇಮ, ಯಾರಿಗೆ ಯಾರ ಮೇಲೆ ಮುನಿಸು ಎಂಬೆಲ್ಲ ವಿವರ ಆಕೆಗೆ ಗೊತ್ತಿರುತ್ತದೆ. ಫುಮಿಕೊ ತಾವೊಕಾ ಮೂವತ್ತೈದು ವರ್ಷ ಇದನ್ನೆಲ್ಲ ಕಂಡವಳು. ಗಂಡನೂ ಅವನ ವಾರಸುದಾರನೂ ಆರೂವರೆ ತಿಂಗಳ ಅಂತರದಲ್ಲಿ ಹೋದಾಗ, ಒಬ್ಬರನ್ನೊಬ್ಬರು ನಂಬದ ಗಂಡಸರೆಲ್ಲ ಒಪ್ಪಬಹುದಾದ ವ್ಯಕ್ತಿ ಆಕೆಯೊಬ್ಬಳೇ ಉಳಿದಿದ್ದಳು.

1982ರ ನಡುವೆ ಒಂದು ತಾತ್ಕಾಲಿಕ ಏರ್ಪಾಡಾಯಿತು. ಹಿರಿಯನಾದ ಹಿರೋಶಿ ಯಾಮಾಮೊಟೊ ಹಂಗಾಮಿ ಯಜಮಾನ. ಹಿಮೆಜಿ ಊರಿನ ಮಸಹಿಸಾ ತಾಕೆನಾಕಾ ವಾಕಗಾಶಿರ. ಸತ್ತ ಕೆನಿಚಿಗೂ ಈ ಹಿರೋಶಿಗೂ ಹೆಸರಿನಲ್ಲಿ ಮಾತ್ರ ಹೋಲಿಕೆ, ನೆಂಟಸ್ತಿಕೆಯಿಲ್ಲ. ಹಂಗಾಮಿಯಾದವನು ನಾಳೆ ಖಾಯಂ ಆಗುವೆನೆಂದು ಎಣಿಸುವುದು ಸಹಜ; ನಮ್ಮ ಕಚೇರಿಗಳಲ್ಲಿ ಪ್ರಭಾರಿಯಾಗಿ ಕುಳಿತವರ ಮನಸ್ಸನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷ ಹೀಗೆ ತೂಗಾಡಿದ ಮೇಲೆ ಫುಮಿಕೊ ತನ್ನ ತೂಕವನ್ನು ತಾಕೆನಾಕಾನ ಕಡೆಗೆ ಹಾಕಿದಳು. ಕೆನಿಚಿಯ ನಂತರದ ಸಾಲಿನಲ್ಲಿ ಗಂಡನ ಮನಸ್ಸಿನಲ್ಲಿ ಇದ್ದವನು ತಾಕೆನಾಕಾ ಎಂಬುದೇ ಆಕೆ ಕೊಟ್ಟ ಕಾರಣವೆಂದು ಅಂದಿನ ವರದಿಗಳು ಹೇಳುತ್ತವೆ. ಸತ್ತವನ ಇಷ್ಟವನ್ನು ವಿಧವೆಯ ಬಾಯಿಂದ ಕೇಳಿದ ಮೇಲೆ ಅದನ್ನು ಸುಳ್ಳೆನ್ನುವ ಧೈರ್ಯ ಯಾರಿಗಿದ್ದೀತು? ಹಾಗೆಂದು ಅದನ್ನು ಒಪ್ಪಿಕೊಳ್ಳಲೇಬೇಕೆಂಬ ಕಟ್ಟುಪಾಡೂ ಇರಲಿಲ್ಲ.

1984ರ ಜೂನ್ 5ರಂದು ತಾಕೆನಾಕಾನನ್ನು ನಾಲ್ಕನೆಯ ಯಜಮಾನನೆಂದು ಪ್ರಕಟಿಸಲಾಯಿತು. ಅದೇ ದಿನ ಹಿರೋಶಿ ಯಾಮಾಮೊಟೊ ತನ್ನ ಕಡೆಯವರೊಡನೆ ಪತ್ರಕರ್ತರ ಮುಂದೆ ಕುಳಿತು, ಇದನ್ನು ಒಪ್ಪುವುದಿಲ್ಲವೆಂದ. ಕೆಲವೇ ದಿನಗಳಲ್ಲಿ ಇಚಿವಾ-ಕಾಯ್ ಎಂಬ ಬೇರೆ ಸಂಘಟನೆ ಹುಟ್ಟಿತು. ಆರಂಭದಲ್ಲಿ ಹೊರನಡೆದವರ ಸಂಖ್ಯೆಯೇ ಒಳಗೆ ಉಳಿದವರಿಗಿಂತ ಹೆಚ್ಚಾಗಿತ್ತು ಎಂಬುದನ್ನು ಗಮನಿಸಬೇಕು. ಫುಮಿಕೊ ಆರಿಸಿದವನು ಆ ಕ್ಷಣದಲ್ಲಿ ಬಹುಮತದ ಆಯ್ಕೆಯಾಗಿರಲಿಲ್ಲ. ಆದರೆ ಯಾಮಾಗುಚಿ-ಗುಮಿ ಎಂಬ ಹೆಸರೂ ಅದರ ಲಾಂಛನವೂ ಅವನ ಕಡೆ ಉಳಿದವು. ತಿಂಗಳುಗಳು ಕಳೆದಂತೆ ಜನ ಒಬ್ಬೊಬ್ಬರಾಗಿ ಆ ಹೆಸರಿನ ಕಡೆಗೇ ಮರಳಿದರು. ಫುಮಿಕೊ 1986ರ ಜನವರಿಯಲ್ಲಿ ತೀರಿಕೊಂಡಳು. ಆ ಹೊತ್ತಿಗೆ ಆಕೆ ಆರಿಸಿದ ತಾಕೆನಾಕಾ ಸತ್ತು ಒಂದು ವರ್ಷವಾಗಿತ್ತು.

ಪ್ರಶ್ನೆ (ತುಮಕೂರು): ಆ ತಾಕೆನಾಕಾ ಹೇಗೆ ಸತ್ತ? ಜಗಳ ಹೇಗೆ ಮುಗಿಯಿತು?

ಉತ್ತರ: 1985ರ ಜನವರಿ 26ರ ರಾತ್ರಿ ಆತ ಒಸಾಕಾ ಪಕ್ಕದ ಸುಯಿತಾ ಊರಿನಲ್ಲಿ ತನ್ನ ಗೆಳತಿಯಿದ್ದ ವಸತಿ ಸಮುಚ್ಚಯಕ್ಕೆ ಹೋದ. ಜೊತೆಗೆ ಇದ್ದವರು ಇಬ್ಬರೇ. ಒಬ್ಬ ಅವನ ವಾಕಗಾಶಿರ, ಇನ್ನೊಬ್ಬ ಮತ್ತೊಬ್ಬ ಮುಖಂಡ. ಲಿಫ್ಟಿನ ಮುಂದೆ ನಿಂತಿದ್ದಾಗ ಕಾದು ಕುಳಿತಿದ್ದ ಇಚಿವಾ-ಕಾಯ್ ಕಡೆಯವರು ಗುಂಡು ಹಾರಿಸಿದರು. ಮೂವರೂ ಉಳಿಯಲಿಲ್ಲ, ತಾಕೆನಾಕಾ ಮರುದಿನ ಸತ್ತ. ಅವನ ಯಜಮಾನಿಕೆ ಎಂಟು ತಿಂಗಳನ್ನೂ ಮುಟ್ಟಲಿಲ್ಲ.

ಇದಾದ ಮೇಲೆ ನಾಲ್ಕು ವರ್ಷ ನಡೆದದ್ದನ್ನು ಜಪಾನಿನಲ್ಲಿ ಯಾಮಾ–ಇಚಿ ಯುದ್ಧ ಎನ್ನುತ್ತಾರೆ. ನೂರಾರು ದಾಳಿಗಳಾದವು, 25ಕ್ಕೂ ಹೆಚ್ಚು ಜನ ಸತ್ತರು. ಸತ್ತವನ ತಮ್ಮನನ್ನು ಅಮೆರಿಕದ ಅಧಿಕಾರಿಗಳು 1985ರಲ್ಲಿ ಹೊನೊಲುಲುವಿನಲ್ಲಿ ಆಯುಧ ಕೊಳ್ಳಲು ಬಂದಿದ್ದನೆಂಬ ಆರೋಪದ ಮೇಲೆ ಹಿಡಿದರು. ಮುಂದೆ ಅವನು ಖುಲಾಸೆಯಾದ. ಕೊನೆಗೆ 1989ರ ಮಾರ್ಚ್‌ನಲ್ಲಿ ಇನ್ನೊಂದು ದೊಡ್ಡ ಗುಂಪಿನ ಮಧ್ಯಸ್ಥಿಕೆಯಿಂದ ಹಿರೋಶಿ ಯಾಮಾಮೊಟೊ ಇಚಿವಾ-ಕಾಯ್ ಅನ್ನು ವಿಸರ್ಜಿಸಿ, ಯಾಮಾಗುಚಿ-ಗುಮಿಯ ಮುಖ್ಯ ಕಚೇರಿಗೆ ತಾನೇ ಹೋಗಿ ಕ್ಷಮೆ ಕೇಳಿದ. ಅವನನ್ನು ಕೊಲ್ಲಲಿಲ್ಲ, ವೃತ್ತಿಯಿಂದ ನಿವೃತ್ತನಾಗಿ 1993ರಲ್ಲಿ ಸತ್ತ. ಹಂಗಾಮಿ ಗಾದಿಯನ್ನು ಖಾಯಂ ಮಾಡಿಕೊಳ್ಳಲು ಹೊರಟವನಿಗೆ ಸಿಕ್ಕಿದ್ದು ಅಷ್ಟೇ.

ಪ್ರಶ್ನೆ (ಬೆಂಗಳೂರು): ಕೊಲೆಗಡುಕರ ವಂಶಾವಳಿಯನ್ನು ಇಷ್ಟು ವಿವರವಾಗಿ ಬರೆಯುವುದು ಅವರನ್ನು ವೈಭವೀಕರಿಸಿದಂತೆ ಆಗುವುದಿಲ್ಲವೇ?

ಉತ್ತರ: ಆಗಬಹುದು, ಅವರು ತಮ್ಮ ಬಗ್ಗೆ ಹೇಳಿಕೊಳ್ಳುವ ಕತೆಯನ್ನೇ ನಾವೂ ಹೇಳಿದರೆ. ತಾವು ಬಡವರ ರಕ್ಷಕರೆಂದೂ ಮಾತಿಗೆ ಪ್ರಾಣ ಕೊಡುವವರೆಂದೂ ಅವರು ಹೇಳಿಕೊಳ್ಳುತ್ತಾರೆ; 1995ರ ಕೋಬೆ ಭೂಕಂಪದಲ್ಲಿ ಯಾಮಾಗುಚಿ-ಗುಮಿ ಜನರಿಗೆ ಆಹಾರ, ನೀರು ಹಂಚಿದ್ದೂ ಹೌದು. ಆ ಹಣ ಬಂದದ್ದು ಸುಲಿಗೆಯಿಂದ, ಜೂಜಿನಿಂದ, ಮಾದಕ ವಸ್ತುಗಳಿಂದ. ಅದೂ ಅಲ್ಲದೆ, 1997ರಲ್ಲಿ ಇದೇ ಸಂಘಟನೆಯ ಆಗಿನ ವಾಕಗಾಶಿರ ಮಸರು ತಾಕುಮಿಯನ್ನು ಕೋಬೆಯ ಹೋಟೆಲೊಂದರಲ್ಲಿ ಒಳಗಿನವರೇ ಗುಂಡಿಟ್ಟು ಕೊಂದಾಗ, ಪಕ್ಕದಲ್ಲಿ ಕುಳಿತಿದ್ದ ಸಂಬಂಧವೇ ಇಲ್ಲದ ಒಬ್ಬ ದಂತವೈದ್ಯನೂ ಸತ್ತ. ವಂಶಾವಳಿಯಲ್ಲಿ ಆ ವೈದ್ಯನ ಸಾವೂ ಸೇರಬೇಕು.

ಪ್ರಶ್ನೆ (ಧಾರವಾಡ): ಇಂಥವರು ಬದುಕಿರುವಾಗಲೇ ಸ್ವಂತ ಇಚ್ಛೆಯಿಂದ ಕೆಳಗಿಳಿದ ಉದಾಹರಣೆ ಇದೆಯೇ?

ಉತ್ತರ: ಇದೆ, ‘ಸ್ವಂತ ಇಚ್ಛೆ’ ಎಂಬುದನ್ನು ತುಸು ಸಡಿಲವಾಗಿ ತೆಗೆದುಕೊಂಡರೆ. ಯಾಮಾ–ಇಚಿ ಜಗಳ ಮುಗಿದ 1989ರಲ್ಲಿ ಐದನೆಯ ಯಜಮಾನನಾದ ಯೋಶಿನೋರಿ ವಾತಾನಾಬೆ ಹದಿನಾರು ವರ್ಷ ಆಳಿ 2005ರಲ್ಲಿ ನಿವೃತ್ತನಾದ. 2012ರಲ್ಲಿ ಸತ್ತ.

ಅವನ ಕಾಲದಲ್ಲಿ ಆದ ಒಂದು ಬದಲಾವಣೆಯನ್ನು ಹೇಳದಿದ್ದರೆ ಈ ನಿವೃತ್ತಿ ಅರ್ಥವಾಗುವುದಿಲ್ಲ. ತಾವೊಕಾನ ಕಾಲದಲ್ಲಿ ಯಜಮಾನ ಎಂದರೆ ಕೈಗೆ ರಕ್ತ ತಾಗದವನು. ಕೆಳಗಿನವನು ಕೊಲ್ಲುತ್ತಿದ್ದ, ಕೆಳಗಿನವನೇ ಸೆರೆಗೆ ಹೋಗುತ್ತಿದ್ದ. 1992ರಲ್ಲಿ ಈ ಗುಂಪುಗಳನ್ನು ಹೆಸರಿಸಿ ನಿಯಂತ್ರಿಸುವ ಕಾಯ್ದೆ ಜಾರಿಗೆ ಬಂತು. 1995ರಲ್ಲಿ ಕ್ಯೋಟೊದಲ್ಲಿ ಯಾಮಾಗುಚಿ-ಗುಮಿಗೆ ಸೇರಿದ ಒಂದು ಉಪಗುಂಪಿನವರು ಸಾದಾ ಉಡುಪಿನಲ್ಲಿದ್ದ ಪೊಲೀಸನನ್ನು ಎದುರಾಳಿ ಗುಂಪಿನವನೆಂದು ತಪ್ಪಾಗಿ ತಿಳಿದು ಗುಂಡಿಟ್ಟು ಕೊಂದರು. ಆ ಪೊಲೀಸನ ಮನೆಯವರು ಗುಂಡು ಹಾರಿಸಿದವರ ಜೊತೆಗೆ ಎಲ್ಲರಿಗೂ ಮೇಲೆ ಕುಳಿತ ವಾತಾನಾಬೆಯ ಮೇಲೆಯೂ ಪರಿಹಾರದ ದಾವೆ ಹೂಡಿದರು. 2004ರ ನವೆಂಬರ್‌ನಲ್ಲಿ ಜಪಾನಿನ ಸರ್ವೋಚ್ಚ ನ್ಯಾಯಾಲಯ, ಕೆಲಸಗಾರನ ತಪ್ಪಿಗೆ ಮಾಲೀಕ ಹೊಣೆಯಾಗುವಂತೆ ಈತನೂ ಹೊಣೆ ಎಂದು ತೀರ್ಪು ಕೊಟ್ಟಿತು. ಪರಿಹಾರದ ಮೊತ್ತ ಸುಮಾರು 8 ಕೋಟಿ ಯೆನ್.

ನಮಗೆ ಈ ತೀರ್ಪಿನಲ್ಲಿ ಒಂದು ಸೊಗಸು ಕಾಣುತ್ತದೆ. ತಂದೆ–ಮಗ ಎಂಬ ಅವರದೇ ಮಾತನ್ನು ನ್ಯಾಯಾಲಯ ಅಕ್ಷರಶಃ ತೆಗೆದುಕೊಂಡು, ಹಾಗಿದ್ದರೆ ಮಗನ ಸಾಲವನ್ನು ತಂದೆಯೇ ತೀರಿಸಲಿ ಎಂದ ಹಾಗಾಯಿತು. ಗಾದಿಯ ಮೇಲೆ ಕೂರುವುದು ಲಾಭದ ಜೊತೆಗೆ ಹೊರೆಯೂ ಆಯಿತು. ವಾತಾನಾಬೆ ಆ ತಿಂಗಳಲ್ಲೇ ಹಿಂದೆ ಸರಿಯತೊಡಗಿದ. ಮುಂದಿನ ವರ್ಷ ನಾಗೋಯಾ ನಗರದ ಕೋದೋ-ಕಾಯ್ ಎಂಬ ಉಪಗುಂಪನ್ನು ಕಟ್ಟಿದ ಶಿನೋದಾ ಆರನೆಯ ಯಜಮಾನನಾದ. ಕೆಲವೇ ತಿಂಗಳಲ್ಲಿ, ತನ್ನ ಅಂಗರಕ್ಷಕರು ಪಿಸ್ತೂಲು ಇಟ್ಟುಕೊಂಡಿದ್ದ ಹಳೆಯ ಮೊಕದ್ದಮೆಯಲ್ಲಿ, ಸೆರೆಗೂ ಹೋದ. 2011ರ ಏಪ್ರಿಲ್‌ನಲ್ಲಿ ಹೊರಗೆ ಬಂದ.

ಪ್ರಶ್ನೆ (ಒಸಾಕಾ, ಜಪಾನ್): ನಾನು ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗ. ಬ್ಯಾಂಕ್ ಖಾತೆ ತೆರೆಯುವಾಗಲೂ ಮನೆ ಬಾಡಿಗೆಗೆ ಹಿಡಿಯುವಾಗಲೂ, ನಾನು ಯಾವ ಪಾತಕಿ ಗುಂಪಿನ ಸದಸ್ಯನೂ ಅಲ್ಲವೆಂಬ ಹೇಳಿಕೆಗೆ ಸಹಿ ಮಾಡಬೇಕಾಯಿತು. ನಗು ಬಂತು. ಯಾವ ರೌಡಿ ತಾನೇ ಹೌದೆಂದು ಬರೆದುಕೊಟ್ಟಾನು?

ಉತ್ತರ: ಹೌದೆಂದು ಬರೆಯಲಿ ಎಂಬ ಉದ್ದೇಶ ಅದಕ್ಕಿಲ್ಲ, ಅಲ್ಲವೆಂದು ಬರೆದು ಸಿಕ್ಕಿಬೀಳಲಿ ಎಂಬುದೇ ಉದ್ದೇಶ. ಯಾಕುಜಾ ಆಗಿರುವುದು ಜಪಾನಿನಲ್ಲಿ ತನ್ನಷ್ಟಕ್ಕೆ ಅಪರಾಧವಲ್ಲ. ಆದರೆ ತಾನು ಅಲ್ಲವೆಂದು ಸಹಿ ಮಾಡಿ ಖಾತೆ ತೆರೆದರೆ ಅದು ವಂಚನೆ, ಅದಕ್ಕೆ ಬಂಧಿಸಬಹುದು. 2011ರ ಅಕ್ಟೋಬರ್ ಹೊತ್ತಿಗೆ ಜಪಾನಿನ ಎಲ್ಲ ಪ್ರಾಂತ್ಯಗಳಲ್ಲಿಯೂ ಜಾರಿಗೆ ಬಂದ ನಿಯಮಗಳು ಇನ್ನೂ ಮುಂದಕ್ಕೆ ಹೋಗಿ, ಈ ಗುಂಪುಗಳೊಡನೆ ವ್ಯವಹರಿಸುವ ಅಂಗಡಿಯವರು, ಗುತ್ತಿಗೆದಾರರು, ಮನೆ ಮಾಲೀಕರ ಮೇಲೆಯೂ ಕ್ರಮಕ್ಕೆ ಅವಕಾಶ ಕೊಟ್ಟವು. ಹಾಗಾಗಿ ತಾವು ಸಹಿ ಮಾಡಿದ ಆ ಕಾಗದ ಮಾಲೀಕನ ರಕ್ಷಣೆಗೂ ಹೌದು.

ಇದರ ಪರಿಣಾಮ ವಾರಸಿಕೆಯ ಮೇಲೆ ಆಗಿರುವುದರಿಂದಲೇ ತಮ್ಮ ಪತ್ರವನ್ನು ಇಲ್ಲಿ ಸೇರಿಸಿದ್ದೇವೆ. ಖಾತೆಯಿಲ್ಲ, ಮೊಬೈಲ್ ಸಂಪರ್ಕವಿಲ್ಲ, ಬಾಡಿಗೆ ಮನೆಯಿಲ್ಲ. ಗುಂಪು ಬಿಟ್ಟು ಬಂದವನನ್ನೂ ಸಾಮಾನ್ಯವಾಗಿ ಐದು ವರ್ಷ ಸದಸ್ಯನಂತೆಯೇ ಕಾಣುತ್ತಾರೆ. ಹೀಗಿರುವಾಗ ಇಪ್ಪತ್ತರ ಹುಡುಗ ಬಂದು ಏಕೆ ಸೇರುತ್ತಾನೆ? ಹಣ ಬೇಕಾದವನು ಮುದ್ರೆಯೂ ಬಟ್ಟಲೂ ಇಲ್ಲದ ಬಿಡಿ ತಂಡಗಳಲ್ಲಿ ಕದಿಯುತ್ತಾನೆ, ಫೋನಿನಲ್ಲಿ ವೃದ್ಧರನ್ನು ವಂಚಿಸುತ್ತಾನೆ. 1960ರ ದಶಕದ ಆರಂಭದಲ್ಲಿ ಜಪಾನಿನಾದ್ಯಂತ ಯಾಕುಜಾಗಳ ಸಂಖ್ಯೆ 1,80,000 ಮೀರಿತ್ತು. 2024ರ ಕೊನೆಗೆ ಪೊಲೀಸರ ಲೆಕ್ಕ 18,800. ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐವತ್ತು ದಾಟಿದವರು. ಯಜಮಾನನ ಜೊತೆಗೆ ಅವನ ಮಕ್ಕಳೆನಿಸಿಕೊಂಡವರೂ ಮುದುಕರಾಗುತ್ತಿದ್ದಾರೆ.

ಪ್ರಶ್ನೆ (ಮೈಸೂರು): ಹಾಗಾದರೆ ಶಿನೋದಾನ ನಂತರ ಯಾರು? ಮತ್ತೆ 1984ರಂತೆ ಆಗುವ ಸಾಧ್ಯತೆ ಇದೆಯೇ?

ಉತ್ತರ: ಒಂದು ಸಲ ಹಾಗೆ ಆಗಿಹೋಗಿದೆ, ಯಜಮಾನ ಬದುಕಿರುವಾಗಲೇ. ಶಿನೋದಾ ಸೆರೆಯಲ್ಲಿದ್ದಾಗ ಗುಂಪನ್ನು ಬಿಗಿಯಾಗಿ ಹಿಡಿದವನು ಅವನ ವಾಕಗಾಶಿರ ಕಿಯೋಶಿ ತಾಕಾಯಾಮಾ, ಅವನೂ ಕೋದೋ-ಕಾಯ್‌ನವನೇ. ಎರಡೂ ದೊಡ್ಡ ಗಾದಿಗಳು ನಾಗೋಯಾದವರ ಪಾಲಾದವು, ತಿಂಗಳ ವಂತಿಗೆ ವಿಪರೀತವಾಯಿತು ಎಂಬುದು ಕೋಬೆಯ ಹಳಬರ ದೂರು. 2015ರ ಆಗಸ್ಟ್‌ನಲ್ಲಿ 13 ಉಪಗುಂಪುಗಳ ಮುಖ್ಯಸ್ಥರು ಹೊರನಡೆದು, ಕುನಿಯೊ ಇನೊಯೆ ಎಂಬಾತನ ಮುಂದಾಳ್ತನದಲ್ಲಿ ಕೋಬೆ ಯಾಮಾಗುಚಿ-ಗುಮಿ ಕಟ್ಟಿದರು. 1984ರಲ್ಲಿ ಹೊರಹೋದವರು ಹಳೆಯ ಹೆಸರನ್ನು ಬಿಟ್ಟು ಕೆಟ್ಟರು; ಈ ಸಲದವರು ಆ ಹೆಸರನ್ನು ಹೊತ್ತುಕೊಂಡೇ ಹೋದರು. ಆದರೂ ದಕ್ಕಲಿಲ್ಲ. 2017ರಲ್ಲಿ ಅವರೊಳಗೇ ಇನ್ನೊಂದು ಬಣ ಸಿಡಿಯಿತು. ಇನೊಯೆಯ ಸ್ವಂತ ನೆಲೆಯಾದ ಯಾಮಾಕೆನ್-ಗುಮಿಯೇ ಅವನನ್ನು ಬಿಟ್ಟು 2021ರಲ್ಲಿ ಶಿನೋದಾನ ಕಡೆಗೆ ಮರಳಿತು. ಅಂದಹಾಗೆ ಯಾಮಾಕೆನ್-ಗುಮಿ ಎಂದರೆ, ತಾವೊಕಾ ಆರಿಸಿದ್ದರೂ ಗಾದಿ ಕಾಣದೆ ಸತ್ತ ಆ ಕೆನಿಚಿ ಯಾಮಾಮೊಟೊ ಕಟ್ಟಿದ ಗುಂಪು. 2024ರ ಕೊನೆಗೆ ಇನೊಯೆಯ ಜೊತೆ ಉಳಿದಿದ್ದವರು ನೂರು ಚಿಲ್ಲರೆ ಜನ. ಮೊದಲಿಗೆ ಹೇಳಿದ ಏಪ್ರಿಲ್‌ನ ಪತ್ರ ಈ ಜಗಳವನ್ನು ಕುರಿತದ್ದು. ಅದಕ್ಕೆ ಸಹಿ ಹಾಕಲು ಎದುರಾಳಿಗಳು ಬೇಕಾಗಲಿಲ್ಲ. 1978ರ ನವೆಂಬರ್‌ನಂತೆಯೇ ಒಂದೇ ಕಡೆಯವರು ಮುಗಿಯಿತೆಂದರು.

ಅದೇ 2025ರ ಏಪ್ರಿಲ್‌ನಲ್ಲಿ ತಾಕಾಯಾಮಾ ಸಲಹೆಗಾರನ ಸ್ಥಾನಕ್ಕೆ ಸರಿದು, ವಾಕಗಾಶಿರ ಸ್ಥಾನಕ್ಕೆ ತೆರುವಾಕಿ ತಾಕೆಯುಚಿ ಬಂದ. ಈತ ಶಿನೋದಾನಿಗಿಂತ ಸುಮಾರು ಹದಿನೆಂಟು ವರ್ಷ ಚಿಕ್ಕವನು. ಕೋದೋ-ಕಾಯ್‌ನ ಮೊದಲ ಮುಖ್ಯಸ್ಥ ಶಿನೋದಾ, ಎರಡನೆಯವನು ತಾಕಾಯಾಮಾ, ಮೂರನೆಯವನು ಈ ತಾಕೆಯುಚಿ. ತಾವೊಕಾ ಮಾಡದೆ ಹೋದದ್ದನ್ನು ಶಿನೋದಾ ಮಾಡಿದ್ದಾನೆ ಎನ್ನಬಹುದು: ವಾರಸುದಾರ ಸೆರೆಯ ಹೊರಗಿದ್ದಾನೆ, ತಕ್ಕ ವಯಸ್ಸಿನವನು, ಯಜಮಾನ ಕಣ್ಣು ತೆರೆದಿರುವಾಗಲೇ ಎಲ್ಲರ ಮುಂದೆ ಕೂರಿಸಲ್ಪಟ್ಟಿದ್ದಾನೆ. 2015ರಲ್ಲಿ ಹಳಬರು ದೂರಿದ ನಾಗೋಯಾದ ಹಿಡಿತ ಮಾತ್ರ ಸಡಿಲವಾಗಿಲ್ಲ, ಇನ್ನೊಂದು ತಲೆಮಾರಿಗೆ ಗಟ್ಟಿಯಾಗಿದೆ. ದೂರುವಷ್ಟು ಬಲ ಉಳಿದವರು ಈಗ ಒಳಗಿಲ್ಲ ಎಂಬುದರಿಂದ 1984 ಮರುಕಳಿಸುವುದು ಕಷ್ಟವೆಂದು ನಮ್ಮ ಅಂದಾಜು.

ಇನ್ನೊಂದು ತೊಡಕು ಉಳಿಯುತ್ತದೆ. ಹೊಸ ಯಜಮಾನ ಬಂದರೆ ಉಪಗುಂಪುಗಳ ಮುಖ್ಯಸ್ಥರೆಲ್ಲ ಒಂದೇ ಕಡೆ ಸೇರಿ ಬಟ್ಟಲು ಹಿಡಿಯಬೇಕಷ್ಟೆ. 2020ರ ಜನವರಿಯಲ್ಲಿ ಅಧಿಕಾರಿಗಳು ಜಗಳದ ಎರಡೂ ಕಡೆಯವರನ್ನು ವಿಶೇಷ ನಿರ್ಬಂಧದ ಪಟ್ಟಿಗೆ ಸೇರಿಸಿದರು. ಅದರ ಪ್ರಕಾರ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಸದಸ್ಯರು ಐದು ಜನ ಒಂದೆಡೆ ಸೇರಿದರೂ ಬಂಧಿಸಬಹುದು, ಕಚೇರಿಗಳಿಗೆ ಕಾಲಿಡುವಂತಿಲ್ಲ. ಆ ನಿರ್ಬಂಧವನ್ನು ಮೂರು ತಿಂಗಳಿಗೊಮ್ಮೆ ಮುಂದುವರಿಸುತ್ತಲೇ ಬಂದಿದ್ದಾರೆ. ಕೋಬೆಯ ನಾದಾ ವಾರ್ಡಿನಲ್ಲಿರುವ ಮುಖ್ಯ ಕಚೇರಿಯೂ ಅದರೊಳಗೆ ಬರುತ್ತದೆ. ಹಿರೋಶಿ ಯಾಮಾಮೊಟೊ 1989ರಲ್ಲಿ ತಲೆ ಬಾಗಿಸಿ ಒಳಹೋದ ಆ ಬಾಗಿಲನ್ನು ಈಗ ಯಜಮಾನನೂ ದಾಟುವಂತಿಲ್ಲ. ಶಾಸ್ತ್ರ ನಡೆಸಿ ಬಗ್ಗಿಸಿಕೊಡುವವನು, ಕುಡಿಸುವ ತಂದೆ, ಕುಡಿಯುವ ಇಬ್ಬರು ಮಕ್ಕಳು. ನಾಲ್ವರಾದರು.